ಕವಿಶಿಷ್ಯ ಪಂಜೆ ಮಂಗೇಶರಾಯರು



ಸಂಚಿಕೆಗೊಬ್ಬರಂತೆ ಕನ್ನಡದ ಹಿರಿಯರನ್ನು ಪರಿಚಯಿಸುವ ಈ ಪುಟಗಳಿಗೆ ಈ ಸಲ ಪಂಜೆ ಮಂಗೇಶರಾಯರನ್ನು ಆರಿಸಿಕೊಂಡಿದ್ದೇವೆ. ಇದಕ್ಕೊಂದು ಕಾರಣವಿದೆ. ಸೀಫ್‌ನಲ್ಲಿ ನಡೆಯುವ ಮಕ್ಕಳ ಕನ್ನಡ ತರಗತಿಗೆ ಹೆಸರು ಬರೆಸುವ ಸಮಯ ಬಂದಾಗಲೆಲ್ಲ ಕೆಲವು ತಾಯ್ತಂದೆಯರು ಒಂದು ಮಾತು ಕೇಳುತ್ತಾರೆ: "ನಮ್ಮ ಮನೆಮಾತು ತುಳು, ಇವರದು ಕೊಂಕಣಿ, ಅವರದು ಬ್ಯಾರಿ. ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಅರಬ್ಬಿ ಇದ್ದೇ ಇವೆ. ಇವೆಲ್ಲದರ ಮೇಲೆ ಕನ್ನಡವನ್ನೂ ಮಗುವಿನ ತಲೆಗೆ ಹೇರಬೇಕೆ?" ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉಪದೇಶ ಮಾಡುವುದಕ್ಕಿಂತ ಒಬ್ಬರ ಬಾಳನ್ನು ಮುಂದಿಡುವುದು ಲೇಸೆಂದು ನಮಗೆ ತೋರಿತು.

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿಯ ದಡದ ಬಂಟವಾಳದಲ್ಲಿ. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಸಾರಸ್ವತ ಮನೆತನ, ಆದ್ದರಿಂದ ಮನೆಯೊಳಗಿನ ಮಾತು ಕೊಂಕಣಿ. ಹೊಸ್ತಿಲು ದಾಟಿದರೆ ಪೇಟೆಯಲ್ಲಿ, ಗದ್ದೆಯಲ್ಲಿ, ಹೊಳೆಯ ಕಡವಿನಲ್ಲಿ ತುಳು. ಕನ್ನಡ ಕಿವಿಗೆ ಬೀಳುತ್ತಿದ್ದದ್ದು ಶಾಲೆಯಲ್ಲಿ, ಕಚೇರಿಯಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ. ಅಂದರೆ ಮುಂದೆ ಕನ್ನಡದ ಮಕ್ಕಳಿಗೆಲ್ಲ ಹಾಡು ಕಲಿಸಿದ ಈ ಹಿರಿಯರಿಗೆ ಕನ್ನಡವು ತೊಟ್ಟಿಲ ಭಾಷೆಯಾಗಿರಲಿಲ್ಲ, ಕಲಿತ ಭಾಷೆಯಾಗಿತ್ತು. ನಮ್ಮ ಸದಸ್ಯ ಕುಟುಂಬಗಳಲ್ಲಿ ಎಷ್ಟೋ ಮನೆಗಳ ಸ್ಥಿತಿ ಇಂದಿಗೂ ಇದೇ ಅಲ್ಲವೆ?

ಬಂಟವಾಳದ ಹುಡುಗ ಹೆಚ್ಚಿನ ಓದಿಗಾಗಿ ಮಂಗಳೂರಿಗೆ ಬಂದ. ಆ ಕಾಲದ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿದ ಊರು. ಆದರೆ ಕನ್ನಡ ಅಚ್ಚಿನ ಮಟ್ಟಿಗೆ ಅದು ದೊಡ್ಡ ಕೇಂದ್ರ. ಬಾಸೆಲ್ ಮಿಷನ್ನಿನ ಮುದ್ರಣಾಲಯ 1841ರಿಂದಲೇ ಅಲ್ಲಿ ಕೆಲಸ ಮಾಡುತ್ತಿತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಅಲ್ಲಿಂದಲೇ ಹೊರಟಿತು. ಕಿಟ್ಟೆಲ್ಲರ ಮಹಾ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ಅನುಕೂಲಸ್ಥರಲ್ಲದ ಸಂಸಾರದ ಭಾರ ಹೊತ್ತುಕೊಂಡೇ ಮಂಗೇಶರಾಯರು ಓದಿದರು, ಅಲ್ಲಿಯೇ ಸರಕಾರಿ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕರಾದರು. ಮುಂದೆ ರಾಷ್ಟ್ರಕವಿಯೆನಿಸಿದ ಮಂಜೇಶ್ವರದ ಗೋವಿಂದ ಪೈಗಳು ಅವರ ಶಿಷ್ಯರು. ಗುರುವಿನ ಮನೆಮಾತೂ ಕೊಂಕಣಿ, ಶಿಷ್ಯನದೂ ಕೊಂಕಣಿ. ಇಬ್ಬರೂ ದುಡಿದದ್ದು ಕನ್ನಡಕ್ಕೆ.

1900ರ ಸುಮಾರಿಗೆ ಬೆನಗಲ್ ರಾಮರಾಯರು ಮಂಗಳೂರಿನಲ್ಲಿ ನಡೆಸುತ್ತಿದ್ದ 'ಸುವಾಸಿನಿ' ಪತ್ರಿಕೆಯಲ್ಲಿ ಪಂಜೆಯವರು 'ನನ್ನ ಚಿಕ್ಕತಾಯಿ' ಮೊದಲಾದ ಕಿರಿಯ ಕತೆಗಳನ್ನು ಬರೆದರು. ಕನ್ನಡದಲ್ಲಿ ಸಣ್ಣಕತೆ ಹುಟ್ಟಿದ್ದು ಎಲ್ಲಿ ಎಂಬ ಚರ್ಚೆ ಬಂದಾಗ ವಿಮರ್ಶಕರು ಈ ಬರಹಗಳನ್ನು ತಪ್ಪದೆ ನೆನೆಯುತ್ತಾರೆ. ಮಾಸ್ತಿಯವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ. ನಗೆಬರಹಕ್ಕೆ ಪಂಜೆಯವರು 'ಹರಟೆಮಲ್ಲ'ನೆಂದು ಹೆಸರಿಟ್ಟುಕೊಂಡರೆ, ಪದ್ಯಕ್ಕೆ 'ಕವಿಶಿಷ್ಯ'ನೆಂದು ಅಂಕಿತ ಹಾಕಿದರು. ತಾನು ಕವಿಯೆಂದು ಹೇಳಿಕೊಳ್ಳದೆ ಕವಿಗಳ ಶಿಷ್ಯನೆಂದದ್ದು ಅವರ ಸ್ವಭಾವಕ್ಕೆ ಒಪ್ಪುವ ಮಾತು.

ಅಧ್ಯಾಪಕ ವೃತ್ತಿಯಿಂದ ಅವರು ಶಾಲೆಗಳ ಇನ್‌ಸ್ಪೆಕ್ಟರ್ ಕೆಲಸಕ್ಕೆ ಹೋದರು. ಊರೂರಿನ ಶಾಲೆಗಳನ್ನು ಸುತ್ತುವ ಕೆಲಸ ಅದು. ಅಲ್ಲಿ ಕೂತಿದ್ದ ಮಕ್ಕಳನ್ನು ನಾವು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಹೆಚ್ಚಿನವರದು ತುಳು ಮನೆ. ಉಳಿದವರದು ಕೊಂಕಣಿ, ಬ್ಯಾರಿ, ಮಲೆಯಾಳ. ಕೈಯಲ್ಲಿದ್ದ ಪುಸ್ತಕವೋ ಗಟ್ಟಿ ಗದ್ಯದ್ದು, ನೀತಿಬೋಧೆಯದ್ದು. ಮಗುವಿಗೆ ಒಂದು ಸಾಲು ಬಾಯಿಪಾಠ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಕನ್ನಡವೆಂದರೆ ಪೆಟ್ಟು ತಿಂದು ಕಲಿಯುವ ಪಾಠ ಎಂದು ಮಗು ತಿಳಿದುಕೊಂಡರೆ ತಪ್ಪು ಮಗುವಿನದೇ? ಪಂಜೆಯವರ ಬರವಣಿಗೆಯ ಗುಟ್ಟು ಇಲ್ಲಿದೆಯೆಂದು ನಮ್ಮ ಅನಿಸಿಕೆ. ಮನೆಯಲ್ಲಿ ಕನ್ನಡ ಇಲ್ಲದ ಮಗುವಿಗೂ ನಾಲಗೆಯ ಮೇಲೆ ನಿಲ್ಲಬೇಕು, ಕಿವಿಗೆ ಹಿತವಾಗಬೇಕು, ಆಮೇಲೆ ಅರ್ಥ ತಾನೇ ಹಿಂದಿನಿಂದ ಬರಬೇಕು, ಹಾಗೆ ಅವರು ಬರೆದರು.

'ನಾಗರ ಹಾವೆ' ಪದ್ಯವನ್ನೇ ನೋಡಿ. ಮಗು ಹಾವಿನೊಡನೆ ನೇರ ಮಾತಿಗೆ ನಿಲ್ಲುತ್ತದೆ. ಕೈಮುಗಿದು ಕರೆಯುತ್ತದೆ, ಹಾಲು ಕೊಡುವೆನೆನ್ನುತ್ತದೆ, ಹೆಡೆಯ ರತ್ನದ ಸಂಗತಿ ವಿಚಾರಿಸುತ್ತದೆ. ಪ್ರತಿ ನುಡಿಯ ಕೊನೆಗೂ ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದೆ; ಅಲ್ಲಿಗೆ ಬಂದಾಗ ಇಡೀ ತರಗತಿ ಒಟ್ಟಿಗೆ ಕೂಗಬಹುದು. ಭಯ, ಆಸೆ, ಆಟ ಮೂರೂ ಅದರಲ್ಲಿವೆ. ನಾಗನ ಕಟ್ಟೆಗೆ ಹಾಲೆರೆಯುವ ನಾಡಿನ ಮಗುವಿಗೆ ಇದಕ್ಕಿಂತ ಹತ್ತಿರದ ವಸ್ತು ಇನ್ನೊಂದಿಲ್ಲ. 'ಉದಯರಾಗ'ದಲ್ಲಿ ಸೂರ್ಯೋದಯವನ್ನು ಸಣ್ಣ ಸಣ್ಣ ಪದಗಳಲ್ಲಿ ಬಿಡಿಸಿದರೆ, 'ತೆಂಕಣ ಗಾಳಿಯಾಟ'ದಲ್ಲಿ ಕರಾವಳಿಯ ಗಾಳಿಯ ಆರ್ಭಟವನ್ನು ಪದಗಳ ಸದ್ದಿನಲ್ಲೇ ಕೇಳಿಸಿದರು. 'ತೆಂಕಣ' ಎಂಬ ಮಾತು ಈಗಿನ ಮಕ್ಕಳಿಗೆ ಕಷ್ಟವೆಂದು ಕೆಲವರು ಹೇಳಬಹುದು. ತುಳು ಮನೆಯ ಅಜ್ಜಿಯನ್ನು ಕೇಳಿದರೆ ಸಾಕು; ದಕ್ಷಿಣ ದಿಕ್ಕಿಗೆ ಅವರು ಇಂದಿಗೂ 'ತೆನ್ಕಾಯಿ' ಎನ್ನುತ್ತಾರೆ. ಮನೆಮಾತು ಕನ್ನಡಕ್ಕೆ ಅಡ್ಡಿಯೆಂದು ಹೇಳುವವರಿಗೆ ಇದೊಂದು ಸಣ್ಣ ಉತ್ತರ: ಇಲ್ಲಿ ಮನೆಮಾತೇ ಕನ್ನಡದ ಬಾಗಿಲು ತೆರೆಯುತ್ತದೆ.

ಕತೆಗಳ ಮಾತು ಬೇರೆಯಲ್ಲ. 'ಹೇನು ಸತ್ತು ಕಾಗೆ ಬಡವಾಯಿತು', 'ಇಲಿಗಳ ಥಕಥೈ', 'ಗುಡು ಗುಡು ಗುಮ್ಮಟ ದೇವರು' ಎಂಬ ಹೆಸರುಗಳನ್ನು ಹೇಳುವಾಗಲೇ ಮಕ್ಕಳ ಮುಖ ಅರಳುತ್ತದೆ. 'ಮೂರು ಕರಡಿಗಳು' ಮುಂತಾದ ಹೊರಗಿನ ಕತೆಗಳನ್ನೂ ಅವರು ನಮ್ಮ ನೀರು ಗಾಳಿಗೆ ಒಗ್ಗಿಸಿದರು. 'ಸಿಗಡಿ ಯಾಕೆ ಒಣಗಲಿಲ್ಲ?' ಎಂಬುದಂತೂ ಒಂದು ಪ್ರಶ್ನೆಗೆ ಇನ್ನೊಂದು ಪ್ರಶ್ನೆ ಪೋಣಿಸಿದ ಸರಪಳಿ ಕತೆ. ಸಿಗಡಿ ನಮ್ಮ ಮಕ್ಕಳಿಗೆ ಹೊಸದಲ್ಲ. ತುಳುವಿನಲ್ಲಿ ಅದು ಎಟ್ಟಿ, ಕೊಂಕಣಿಯಲ್ಲಿ ಸುಂಗಟ, ಮನಾಮಾದ ಮೀನು ಪೇಟೆಯಲ್ಲಿ ರುಬಿಯಾನ್. ಊಟದ ಬಟ್ಟಲಿನಲ್ಲಿ ಮೂರು ಹೆಸರಿನಿಂದ ಪರಿಚಯವಾದದ್ದಕ್ಕೆ ನಾಲ್ಕನೆಯ ಹೆಸರು ಒಂದು ನಗೆಗತೆಯ ಮೂಲಕ ಸಿಕ್ಕಿದರೆ ಮಗುವಿಗೆ ಅದು ಹೊರೆಯಾದೀತೆ? ಕತೆ ಮುಗಿಯುವುದರೊಳಗೆ ಕನ್ನಡದ 'ಯಾಕೆ' ಎಂಬ ಪ್ರಶ್ನೆ ಮಗುವಿನ ಬಾಯಲ್ಲಿ ಹತ್ತಾರು ಸಲ ಹೊರಳಿರುತ್ತದೆ. ವ್ಯಾಕರಣದ ಪಾಠ ಇದಕ್ಕಿಂತ ಹೆಚ್ಚು ಏನು ಮಾಡಬಲ್ಲದು?

ತಮ್ಮ ಸುತ್ತಲಿನ ಭಾಷೆಗಳನ್ನು ಪಂಜೆಯವರು ಕೀಳೆಂದು ಎಣಿಸಿದವರಲ್ಲ. ತುಳು ಪಾಡ್ದನದ ವೀರರಾದ ಕೋಟಿ ಚೆನ್ನಯರ ಕತೆಯನ್ನು ಅವರು ಕನ್ನಡ ಗದ್ಯಕ್ಕೆ ತಂದರು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿ, ಗರಡಿಗಳಲ್ಲಿ ಉಳಿದಿದ್ದ ಪಡುಮಲೆ, ಪಂಜ, ಎಣ್ಮೂರುಗಳ ಕತೆ ಹೀಗೆ ತುಳುವರಿಯದ ಕನ್ನಡ ಓದುಗರಿಗೂ ತಲುಪಿತು. ಮುಂದೆ ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದಾಗ ಕೊಡಗಿನ ಬೆಟ್ಟ, ಕಾಡು, ಕಾವೇರಿ, ಹೊಸ ಅಕ್ಕಿಯ ಹಬ್ಬ ಇವೆಲ್ಲ ಅವರ ಮನಸ್ಸನ್ನು ಸೆಳೆದವು. 'ಹುತ್ತರಿ ಹಾಡು' ಹುಟ್ಟಿತು. ಬರೆದವರ ಮನೆಮಾತು ಕೊಂಕಣಿ, ಹಬ್ಬ ಆಚರಿಸುವವರ ಮಾತು ಕೊಡವ ತಕ್ಕು, ಹಾಡಿನ ಭಾಷೆ ಕನ್ನಡ. ಆದರೂ ಕೊಡಗಿನವರು ಅದನ್ನು ತಮ್ಮ ನಾಡಗೀತೆಯೆಂಬಂತೆ ಅಭಿಮಾನದಿಂದ ಹಾಡಿಕೊಂಡು ಬಂದಿದ್ದಾರೆ. ಒಬ್ಬರ ಮನೆಯ ಸಂಭ್ರಮವನ್ನು ಇನ್ನೊಬ್ಬರ ಮನೆಗೆ ದಾಟಿಸುವ ಕೆಲಸವನ್ನು ಕನ್ನಡ ಇಲ್ಲಿ ಮಾಡಿತು.

ಬಿಡಿ ಹಾಡು ಕತೆಗಳಿಂದಲೇ ಅವರು ತೃಪ್ತರಾಗಲಿಲ್ಲ. ಕೆಳಗಿನ ತರಗತಿಗಳಿಗೆ ಪಠ್ಯಪುಸ್ತಕಗಳನ್ನು ರಚಿಸಿದರು. 1920ರ ದಶಕದಲ್ಲಿ ಮಂಗಳೂರಿನ 'ಬಾಲಸಾಹಿತ್ಯ ಮಂಡಲ'ವು ಮಕ್ಕಳಿಗಾಗಿಯೇ ಸಣ್ಣ ಪುಸ್ತಕಗಳನ್ನು ಹೊರತರುವ ಕೆಲಸದಲ್ಲಿ ತೊಡಗಿದಾಗ ಅದರ ಮುಂದಾಳುಗಳಾಗಿದ್ದರು. ಮಕ್ಕಳ ಪುಸ್ತಕವೆಂಬುದು ದೊಡ್ಡವರ ಪುಸ್ತಕದ ಚೂರಲ್ಲ, ಅದಕ್ಕೆ ಬೇರೆಯೇ ಶ್ರಮ ಬೇಕು ಎಂಬ ತಿಳಿವಳಿಕೆ ನಮ್ಮಲ್ಲಿ ಮೂಡಿದ ಕಾಲವದು.

1934ರಲ್ಲಿ ರಾಯಚೂರಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರೇ ಅಧ್ಯಕ್ಷರು. ರಾಯಚೂರು ಆಗ ಹೈದರಾಬಾದು ನಿಜಾಮರ ಆಳ್ವಿಕೆಗೆ ಸೇರಿತ್ತು. 1937ರ ಅಕ್ಟೋಬರ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಅವರು ತೀರಿಕೊಂಡರು. ಆಗ 63 ವರ್ಷ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹುಟ್ಟಿದ್ದು ಮದರಾಸು ಪ್ರಾಂತದಲ್ಲಿ, ಮುಖ್ಯೋಪಾಧ್ಯಾಯರಾದದ್ದು ಪ್ರತ್ಯೇಕವಾಗಿದ್ದ ಕೊಡಗಿನಲ್ಲಿ, ಅಧ್ಯಕ್ಷ ಪೀಠವೇರಿದ್ದೂ ಕೊನೆಯುಸಿರೆಳೆದದ್ದೂ ನಿಜಾಮರ ಸೀಮೆಯಲ್ಲಿ. ಕನ್ನಡ ನಾಡು ಒಂದಾದದ್ದು 1956ರಲ್ಲಿ, ಅದಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಕನ್ನಡಿಗರದೇ ಆದ ಒಂದು ರಾಜ್ಯದಲ್ಲಿ ಪಂಜೆಯವರು ಒಂದು ದಿನವೂ ಬಾಳಲಿಲ್ಲ. ಸರಕಾರದ ಬೆಂಬಲವಿದ್ದರೇ ಭಾಷೆ ಉಳಿಯುತ್ತದೆ, ಹೊರನಾಡಿನಲ್ಲಿ ಏನು ಮಾಡಲು ಸಾಧ್ಯ ಎಂದು ಕೈಚೆಲ್ಲುವವರು ಇದನ್ನು ಯೋಚಿಸಬೇಕು.

ಅವರು ಹಾಕಿದ ದಾರಿಯಲ್ಲಿ ಹಲವರು ನಡೆದರು. ಶಿವರಾಮ ಕಾರಂತರು 1936ರಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟಗಳಲ್ಲಿ ಲೋಕದ ತಿಳಿವಳಿಕೆಯನ್ನು ಮಕ್ಕಳ ಮುಂದಿಟ್ಟರು. ಮೈಸೂರು ಸೀಮೆಯಲ್ಲಿ ಹೊಯ್ಸಳರೂ ಜಿ. ಪಿ. ರಾಜರತ್ನಂ ಅವರೂ ಶಿಶುಗೀತೆಗಳನ್ನು ಮನೆಮನೆಗೆ ಮುಟ್ಟಿಸಿದರು. ನಮ್ಮಲ್ಲಿ ಯಾವ ಜಿಲ್ಲೆಯವರೇ ಆಗಲಿ, ಬಾಲ್ಯದ ಒಂದೆರಡು ಹಾಡು ಇಂದಿಗೂ ಬಾಯಿಗೆ ಬರುತ್ತಿದ್ದರೆ ಅದು ಇಂಥವರ ಋಣ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅರಬ್ಬಿಯಲ್ಲಿ 'ಸೀಫ್' ಎಂದರೆ ಕಡಲ ದಡ. ಕಡಲು ತುಂಬಿಸಿ ಮಾಡಿದ ಈ ನೆಲದ ಮೇಲಿನ ಫ್ಲಾಟುಗಳಲ್ಲಿ ಬೆಳೆಯುವ ನಮ್ಮ ಮಕ್ಕಳು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಚೆನ್ನಾಗಿ ಆಡಲಿ; ಅದನ್ನು ಬಿಡಿಸುವುದು ನಮ್ಮ ಉದ್ದೇಶವಲ್ಲ. ಆದರೆ ಈ ಎಲ್ಲ ಮನೆಗಳ ಮಕ್ಕಳು ಒಂದೆಡೆ ಕೂತಾಗ ಅವರಿಗೆ ಒಟ್ಟಿಗೆ ಹಾಡಲು ಒಂದು ಹಾಡು ಬೇಕು, ಊರಿಗೆ ಹೋದಾಗ ಬಸ್ಸಿನ ಬೋರ್ಡು, ಅಜ್ಜನ ಕಾಗದ ಓದಲು ಒಂದು ಲಿಪಿ ಬೇಕು. ಅದು ಕನ್ನಡವಾಗಬಹುದೆಂದು, ಅಷ್ಟು ಮಾತ್ರವಲ್ಲ, ಸಂತೋಷದಿಂದಲೇ ಆಗಬಹುದೆಂದು ಪಂಜೆಯವರು ತೋರಿಸಿಕೊಟ್ಟರು. ಮಕ್ಕಳು ಬೇಸರಪಟ್ಟರೆ ಕನ್ನಡವನ್ನು ದೂರಬೇಡಿ, ನಾವು ಕಲಿಸುವ ರೀತಿಯನ್ನು ತಿದ್ದಿಕೊಳ್ಳೋಣ.

ಆದುದರಿಂದ ಸದಸ್ಯ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಮುಂಬರುವ ಫೆಬ್ರವರಿ 22 ಪಂಜೆಯವರ ಜನ್ಮದಿನ. ಅಷ್ಟರೊಳಗೆ ಪ್ರತಿ ಮನೆಯಲ್ಲೂ ಮಗುವಿಗೆ ಅವರ ಒಂದು ಹಾಡನ್ನಾಗಲಿ ಒಂದು ಕತೆಯನ್ನಾಗಲಿ ಕಲಿಸಬೇಕು. ಪುಸ್ತಕ ಕೊಟ್ಟು ಸುಮ್ಮನಾಗದೆ ತಾಯ್ತಂದೆಯರೇ ಗಟ್ಟಿಯಾಗಿ ಓದಿ ಹೇಳಬೇಕು. ಕಠಿಣ ಪದ ಬಂದರೆ ಮನೆಮಾತಿನಲ್ಲೇ ಬಿಡಿಸಿ ಹೇಳಲಿ, ಸಂಕೋಚ ಬೇಡ. ಊರಿಗೆ ಹೋದವರು ಬರುವಾಗ ಹಪ್ಪಳ, ಉಪ್ಪಿನಕಾಯಿಗಳ ನಡುವೆ ಪಂಜೆಯವರ ಒಂದು ಪುಸ್ತಕಕ್ಕೂ ಜಾಗ ಮಾಡಿಕೊಳ್ಳಲಿ. ಆ ವಾರದ ರಜೆಯ ದಿನ ಮಕ್ಕಳೆಲ್ಲ ಒಂದೆಡೆ ಸೇರಿ ತಾವು ಕಲಿತದ್ದನ್ನು ಹೇಳಲಿ. ಬಹುಮಾನ, ಸ್ಪರ್ಧೆ ಯಾವುದೂ ಇಲ್ಲ. ಎಲ್ಲರೂ ಹಾಡುವುದು, ಎಲ್ಲರೂ ಕೇಳುವುದು, ಅಷ್ಟೇ.