ಹೊನ್ನನ್ನರಸಿದವನಿಗೆ ದೊರೆತ ಹೆಸರು

ಬಂಡೆಯ ಮೇಲೆ ಓದಲು ಬಾರದ ಅಕ್ಷರಗಳು ಕಂಡರೆ, ಅವು ಹೂತಿಟ್ಟ ನಿಧಿಯ ಗುರುತೆಂದು ನಂಬುವವರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ. ಕೊಪ್ಪರಿಗೆ ಹೊನ್ನಿನ ಆಸೆಯಿಂದ ನೆಲವನ್ನಗೆದು, ಕಲ್ಲನ್ನೊಡೆದು, ಬರಿಗೈಯಲ್ಲಿ ಮರಳಿದವರ ಕಥೆಗಳಿಗೂ ಕೊರತೆಯಿಲ್ಲ. ಆದರೆ ಚಿನ್ನವನ್ನು ಹುಡುಕುತ್ತ ಹೋದವನೊಬ್ಬನ ಕಣ್ಣಿಗೆ ಬಿದ್ದ ಬಂಡೆಯೊಂದು ಭಾರತದ ಚರಿತ್ರೆಯ ದೊಡ್ಡ ಸಂದೇಹವೊಂದನ್ನು ನೀಗಿಸಿದ ಪ್ರಸಂಗವೂ ಉಂಟು. ಅದು ನಡೆದುದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

ಮಸ್ಕಿ, ಹಟ್ಟಿಗಳ ಸುತ್ತಿನದು ಚಿನ್ನದ ಸೀಮೆ. ಪುರಾತನರು ತೋಡಿದ ಗಣಿಗಳ ಕುರುಹುಗಳು ಇಲ್ಲಿವೆ. ಹಟ್ಟಿಯಲ್ಲಿ ಇಂದಿಗೂ ಚಿನ್ನವನ್ನು ತೆಗೆಯುತ್ತಾರೆ. 1915ರಲ್ಲಿ ಈ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿತ್ತು. ಚಿನ್ನದ ಗಣಿಗಳ ಎಂಜಿನಿಯರನಾಗಿದ್ದ ಸಿ. ಬೀಡನ್ ಎಂಬಾತನು ಆ ವರ್ಷ ಮಸ್ಕಿಯ ಗುಡ್ಡದಲ್ಲಿ ಬರೆಹವುಳ್ಳ ಬಂಡೆಯೊಂದನ್ನು ಕಂಡನು. ಅದರ ಲಿಪಿ ಬ್ರಾಹ್ಮೀ, ಭಾಷೆ ಪ್ರಾಕೃತ.

ಈ ಲಿಪಿಯನ್ನು ಓದುವ ಬಗೆಯನ್ನು 1837ರಲ್ಲಿ ಕಂಡುಹಿಡಿದವನು ಜೇಮ್ಸ್ ಪ್ರಿನ್ಸೆಪ್. ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹಗಳನ್ನು ಪರೀಕ್ಷಿಸುವುದು ಆತನ ಉದ್ಯೋಗ. ಅವನು ಓದಿದ ಶಾಸನಗಳಲ್ಲಿ ಅರಸನು ತನ್ನನ್ನು 'ದೇವಾನಂಪಿಯ ಪಿಯದಸಿ' ಎಂದು ಕರೆದುಕೊಂಡಿದ್ದನು. ದೇವತೆಗಳಿಗೆ ಪ್ರಿಯನಾದ ಈ ಪ್ರಿಯದರ್ಶಿ ಯಾರು? ಲಂಕೆಯ ಅರಸನೊಬ್ಬನಿರಬೇಕೆಂದು ಪ್ರಿನ್ಸೆಪ್ ಮೊದಲು ಊಹಿಸಿದನು; ಆ ಅರಸನಿಗೂ 'ದೇವಾನಂಪಿಯ' ಎಂಬ ಬಿರುದಿತ್ತು. ಲಂಕೆಯಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್, ಪಾಲಿ ಭಾಷೆಯ 'ದೀಪವಂಸ'ವನ್ನು ಆಧರಿಸಿ, ಈತನು ಮೌರ್ಯ ಚಕ್ರವರ್ತಿ ಅಶೋಕನೆಂದು ತೋರಿಸಿಕೊಟ್ಟನು. ವಿದ್ವಾಂಸರು ಒಪ್ಪಿದರು. ಆದರೂ ಅದು ಗ್ರಂಥದ ಸಾಕ್ಷ್ಯವೇ ಹೊರತು ಅರಸನ ಬಾಯಿಂದಲೇ ಬಂದ ಮಾತಲ್ಲ. ಅಲ್ಲಿಯವರೆಗೆ ದೊರೆತ ಅವನ ಯಾವ ಧರ್ಮಲಿಪಿಯಲ್ಲೂ ಅಶೋಕನೆಂಬ ಹೆಸರಿರಲಿಲ್ಲ.

ಮಸ್ಕಿಯ ಬರೆಹವನ್ನು ಓದಿ 1915ರಲ್ಲೇ ಪ್ರಕಟಿಸಿದವರು ಶಾಸನ ವಿದ್ವಾಂಸರಾದ ಎಚ್. ಕೃಷ್ಣಶಾಸ್ತ್ರಿಗಳು. ಹಲವೆಡೆ ಅಕ್ಷರಗಳು ಸವೆದಿದ್ದರೂ ಮೊದಲ ಸಾಲಿನಲ್ಲೇ 'ದೇವಾನಂಪಿಯಸ ಅಸೋಕಸ' ಎಂಬ ಮಾತುಗಳಿದ್ದುವು. ದೇವಾನಂಪ್ರಿಯನಾದ ಅಶೋಕನದು, ಎಂದರ್ಥ. ಎಪ್ಪತ್ತೆಂಟು ವರ್ಷಗಳ ಊಹೆಗೆ ಬಂಡೆಯೇ ಸಾಕ್ಷಿ ನುಡಿಯಿತು. ಮುಂದೆ 1950ರ ದಶಕದಲ್ಲಿ ಮಧ್ಯಪ್ರದೇಶದ ಗುಜರ್‍ರಾದಲ್ಲಿಯೂ, 1970ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳಗಳಲ್ಲಿಯೂ ಈ ಹೆಸರುಳ್ಳ ಶಾಸನಗಳು ದೊರೆತುವು.

ಅದೇ ಬಂಡೆಯ ಇನ್ನೊಂದು ಮಾತು ನೆನೆಯತಕ್ಕದ್ದು. ಶ್ರೇಯಸ್ಸು ದೊಡ್ಡವರ ಸೊತ್ತೆಂದು ತಿಳಿಯಬೇಡಿ, ಧರ್ಮದಲ್ಲಿ ನೆಲೆನಿಂತ ಸಾಮಾನ್ಯನಿಗೂ ಅದು ಸಾಧ್ಯ ಎಂಬುದು ಅದರ ಭಾವ. ಚರಿತ್ರೆಯ ಸೇವೆಗೂ ಈ ಮಾತು ಸಲ್ಲುತ್ತದೆ. ಬೀಡನ್ ಶಾಸನಗಳ ಪಂಡಿತನಲ್ಲ, ಗಣಿಯ ಕೆಲಸದವನು. ಕಂಡ ಕಲ್ಲು ಉಳಿದು ಬಲ್ಲವರ ಕೈಸೇರಿತು, ಅಷ್ಟೇ ಸಾಕಾಯಿತು. ನಿಧಿಗಳ್ಳನ ಗುದ್ದಲಿ ಮೊದಲು ತಾಕಿದ್ದರೆ ಚಿನ್ನವೂ ಸಿಗುತ್ತಿರಲಿಲ್ಲ, ಆ ಹೆಸರೂ ಉಳಿಯುತ್ತಿರಲಿಲ್ಲ. ನಮ್ಮ ಹೊಲದ ಬದುವಿನಲ್ಲಿ, ಊರಾಚೆಯ ಗುಡ್ಡದಲ್ಲಿ ಅಕ್ಷರದ ಕಲ್ಲು ಕಂಡಾಗ ಅದರ ಅಡಿಯಲ್ಲಿ ಏನಿದೆಯೆಂದು ಅಗೆಯುವುದು ಬೇಡ. ಅದರ ಮೇಲೆ ಏನಿದೆಯೆಂದು ಬಲ್ಲವರನ್ನು ಕೇಳೋಣ.