ಮೇದಾಮ್ಲಗಳೂ ಕಿಣ್ವನಿಗ್ರಹವೂ

ಪ್ರಾಣಿದೇಹದಲ್ಲಿ ಕೊಬ್ಬು ಸಾಕಷ್ಟು ಸಿದ್ಧವಾದೊಡನೆ ಅದರ ನಿರ್ಮಾಣವು ತಾನಾಗಿಯೇ ತಗ್ಗುವುದೇಕೆ ಎಂಬುದು ಜೀವರಸಾಯನಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲೊಂದು. ಮೇದಾಮ್ಲಗಳ ನಿರ್ಮಾಣದಲ್ಲಿ ಮಲೋನಿಲ್ ಕೋಎನ್‌ಜೈಮ್-ಎ ಎಂಬ ಮಧ್ಯವರ್ತಿ ದ್ರವ್ಯವುಂಟೆಂದು 1958ರಲ್ಲಿ ಸಾಲಿ ವಾಕಿಲರು ತೋರಿಸಿದರು. ಆ ದ್ರವ್ಯವನ್ನು ಉಂಟುಮಾಡುವ ಕಿಣ್ವಕ್ಕೆ ಅಸಿಟೈಲ್ ಕೋಎನ್‌ಜೈಮ್-ಎ ಕಾರ್ಬಾಕ್ಸಿಲೇಸ್ ಎಂದು ಹೆಸರು. 1963ರಲ್ಲಿ ಬಾರ್ಟ್ಸ್ ಮತ್ತು ಲೀನೆನ್ ಎಂಬವರು, ಇಲಿಯ ಯಕೃತ್ತಿನಲ್ಲಿರುವ ಈ ಕಿಣ್ವವು ದೀರ್ಘಸರಪಳಿಯ ಮೇದಾಮ್ಲಸಂಯುಕ್ತಗಳಿಂದ ಕುಂಠಿತವಾಗುವುದೆಂದು ಪ್ರಕಟಿಸಿದರು. ಕಡೆಯ ಫಲವೇ ಮೊದಲ ಮೆಟ್ಟಿಲನ್ನು ತಡೆಯುವುದೆಂಬ ಈ ವಿವರಣೆಯು ಬಹಳ ಸೊಗಸಾದುದು.

ಆದರೆ ಸೊಗಸೇ ಪ್ರಮಾಣವಾಗಲಾರದು. ಪಾಮಿಟೈಲ್ ಕೋಎನ್‌ಜೈಮ್-ಎ ಎಂಬ ಸಂಯುಕ್ತಕ್ಕೆ ನೀರನ್ನು ಬಯಸುವ ತಲೆಯೂ ಜಿಡ್ಡಿನ ಬಾಲವೂ ಇರುವುದರಿಂದ ಅದು ಸಾಬೂನಿನ ಗುಣವುಳ್ಳದ್ದು. ಅಂಟುವಾಳದ ನೊರೆಗೆ ಈ ಜಿಡ್ಡು ಆ ಜಿಡ್ಡು ಎಂಬ ಭೇದವಿಲ್ಲ. ಹಾಗೆಯೇ ಈ ಸಂಯುಕ್ತವು ಪರಸ್ಪರ ಸಂಬಂಧವಿಲ್ಲದ ಅನೇಕ ಕಿಣ್ವಗಳನ್ನು ಕೆಡಿಸುವುದೆಂದು 1966ರಲ್ಲಿ ತಕೇತ ಮತ್ತು ಪೊಗೆಲ್ ತೋರಿಸಿದರು. ಹಾಗಿದ್ದರೆ ನಿಯಮನವೆಂದು ಎಣಿಸಿದ್ದು ಬರಿಯ ಗಾಜಿನ ನಳಿಗೆಯ ಆಕಸ್ಮಿಕವೇ? ಜಪಾನಿನ ನುಮಾ ಮತ್ತು ಅವರ ಸಹೋದ್ಯೋಗಿಗಳು 1978ರಲ್ಲಿ ಇದಕ್ಕೆ ಉತ್ತರವಿತ್ತರು. ಸಂಯುಕ್ತವು ಈ ಕಿಣ್ವದೊಡನೆ ಸಮಪ್ರಮಾಣದಲ್ಲಿ ಬೆಸೆಯುವುದು. ಅದನ್ನು ಸೆಳೆದು ತೆಗೆದರೆ ಕಿಣ್ವವು ಮತ್ತೆ ಚೇತರಿಸಿಕೊಳ್ಳುವುದು. ನೊರೆಯು ಮಾಡುವ ಕೆಲಸವು ಇಂತಹುದಲ್ಲ.

ಇದೇ ಬಗೆಯ ವಿವಾದವು ಬೇರೊಂದು ರೂಪದಲ್ಲಿ ಬೆಂಗಳೂರಿಗೂ ಬಂದಿತು. ಸಾಬೂನುಗಳಲ್ಲಿ ಬೆರೆಸುತ್ತಿದ್ದ ಟ್ರೈಕ್ಲೋಸಾನ್ ಎಂಬ ದ್ರವ್ಯವು ಸೂಕ್ಷ್ಮಜೀವಿಗಳ ಪೊರೆಯನ್ನು ಹರಿದು ಕೊಲ್ಲುವುದೆಂದೇ ನಂಬಿಕೆಯಿದ್ದಿತು. ಅದು ಮೇದಾಮ್ಲನಿರ್ಮಾಣದ ಒಂದು ನಿರ್ದಿಷ್ಟ ಕಿಣ್ವವನ್ನು ತಡೆಯುವುದೆಂದು 1998ರಲ್ಲಿ ಅಮೆರಿಕದ ಲೆವಿ ಮತ್ತು ಸಂಗಡಿಗರು ಕಂಡರು. 1921ರಲ್ಲಿಯೇ ಜೀವರಸಾಯನ ವಿಭಾಗವು ಸ್ಥಾಪಿತವಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ ಅವರೂ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ನಮಿತಾ ಸುರೋಲಿಯಾ ಅವರೂ, ಟ್ರೈಕ್ಲೋಸಾನ್ ಮಲೇರಿಯಾ ಪರಾವಲಂಬಿಯ ಅಂತಹುದೇ ಕಿಣ್ವವನ್ನು ತಡೆದು ಸೋಂಕಿನ ಇಲಿಗಳನ್ನು ಕಾಪಾಡುವುದೆಂದು 2001ರಲ್ಲಿ ಪ್ರಕಟಿಸಿದರು.

ಕಥೆಯು ಅಲ್ಲಿಗೂ ನಿಲ್ಲಲಿಲ್ಲ. ಪರಾವಲಂಬಿಯು ರಕ್ತದಲ್ಲಿರುವಾಗ ಆ ಕಿಣ್ವವಿಲ್ಲದೆಯೂ ಬದುಕಬಲ್ಲುದು, ಅದರ ಅಗತ್ಯವು ಯಕೃತ್ತಿನ ಅವಸ್ಥೆಯಲ್ಲಿಯೇ ಎಂದು 2008ರ ಸಂಶೋಧನೆಗಳಿಂದ ತಿಳಿದುಬಂದಿತು. ಕಿಣ್ವವು ತಡೆಗೊಳ್ಳುವುದೆಂದು ಕಾಣುವುದು ಒಂದು. ಆ ತಡೆಯೇ ಫಲಕ್ಕೆ ಕಾರಣವೆಂದು ಸ್ಥಾಪಿಸುವುದು ಮತ್ತೊಂದು. ಈ ಎರಡರ ನಡುವಣ ಅಂತರವನ್ನು ಅಳೆಯುವುದರಲ್ಲಿಯೇ ಈ ಶಾಸ್ತ್ರದ ಅರ್ಧಶತಮಾನವು ಕಳೆಯಿತು.