ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯ: ಕರ್ನಾಟಕದ ಪಂಚಾಯತಿಗಳ ಅನುಭವ

ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯ ಎರಡಕ್ಕೂ ಪಂಚಾಯತಿಗಳೇ ಯೋಜನೆ ರೂಪಿಸಬೇಕೆಂಬ ಆಶಯವನ್ನು 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಸಂವಿಧಾನದಲ್ಲಿ ಸೇರಿಸಿತಾದರೂ, ಅದಕ್ಕೆ ಬೇಕಾದ ಅಧಿಕಾರವನ್ನು ಎಷ್ಟು ಕೊಡಬೇಕೆಂಬ ತೀರ್ಮಾನವನ್ನು ರಾಜ್ಯಗಳ ಶಾಸಕಾಂಗಕ್ಕೇ ಬಿಟ್ಟಿತು. ಎರಡನ್ನೂ ಊರಿನ ಮಟ್ಟದಲ್ಲಿ ಬೆಸೆಯುವ ಪ್ರಶ್ನೆ ರಾಜಕೀಯ ಪ್ರಶ್ನೆಯಾಗಿಯೇ ಉಳಿದಿರುವುದು ಇದರಿಂದ.

ಕರ್ನಾಟಕದಲ್ಲಿ ಈ ಪ್ರಯತ್ನ ತಿದ್ದುಪಡಿಗಿಂತ ಹಳೆಯದು. ಅಶೋಕ್ ಮೆಹ್ತಾ ಸಮಿತಿಯ 1978ರ ವರದಿಯನ್ನು ಅನುಸರಿಸಿ, ರಾಮಕೃಷ್ಣ ಹೆಗಡೆ ಸರ್ಕಾರದ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದು, ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಅಸ್ತಿತ್ವಕ್ಕೆ ಬಂದವು. ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಾಗಿದ್ದ ಈ ವ್ಯವಸ್ಥೆಯಲ್ಲಿ ಶಾಲೆ, ಆಸ್ಪತ್ರೆ, ಕೃಷಿ, ಕುಡಿಯುವ ನೀರು ಮುಂತಾದ ಇಲಾಖೆಗಳ ಜಿಲ್ಲಾ ಮಟ್ಟದ ಸಿಬ್ಬಂದಿಯೂ ಹಣವೂ ಚುನಾಯಿತ ಪರಿಷತ್ತಿನ ಕೈಕೆಳಗೆ ಬಂದವು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ಇಷ್ಟು ದಿಟ್ಟ ಹೆಜ್ಜೆಯನ್ನು ರಾಜ್ಯ ಮತ್ತೆ ಇಟ್ಟಿಲ್ಲವೆಂದೇ ಹೇಳಬೇಕು.

ರಿಚರ್ಡ್ ಕ್ರುಕ್ ಮತ್ತು ಜೇಮ್ಸ್ ಮ್ಯಾನರ್ 1998ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಪ್ರಯೋಗದಿಂದ ಆಡಳಿತ ಜನರಿಗೆ ಹೆಚ್ಚು ಸ್ಪಂದಿಸುವಂತಾಯಿತೆಂದು ಗುರುತಿಸಿದರೂ, ತೀರಾ ಬಡವರಿಗೆ ಅದೇ ಪ್ರಮಾಣದ ಲಾಭವಾಗಲಿಲ್ಲವೆಂದೂ ಎಚ್ಚರಿಸಿತು. ಅಧಿಕಾರ ಹತ್ತಿರ ಬಂದ ಮಾತ್ರಕ್ಕೆ ಅದು ಊರಿನ ಭೂಮಾಲೀಕರ ಪ್ರಭಾವದಿಂದ ಹೊರಬಂದಂತಲ್ಲ ಎಂಬ ಈ ಅರಿವು, ಮುಂದೆ ಮೀಸಲಾತಿ ಮತ್ತು ಗ್ರಾಮಸಭೆಗಳ ಕುರಿತು ನಡೆದ ಸಂಶೋಧನೆಯ ಕೇಂದ್ರವಾಯಿತು. ದಕ್ಷಿಣ ಭಾರತದ ಹಳ್ಳಿಗಳನ್ನು ಸಮೀಕ್ಷಿಸಿದ ಬೆಸ್ಲಿ, ಪಾಂಡೆ ಮತ್ತು ರಾವ್ ಅವರು, ಗ್ರಾಮಸಭೆ ನಡೆದ ಕಡೆ ಬಿಪಿಎಲ್ ಕಾರ್ಡುಗಳು ಭೂಹೀನರು, ಅನಕ್ಷರಸ್ಥರಂಥ ದುರ್ಬಲರನ್ನು ತಲುಪುವ ಸಾಧ್ಯತೆ ಹೆಚ್ಚೆಂದು 2005ರಲ್ಲಿ ತೋರಿಸಿದರು.

1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಮೂರು ಹಂತಗಳ ವ್ಯವಸ್ಥೆ ತಂದಿತು. ಆದರೆ ರಾಜ್ಯ ಬಜೆಟ್ಟಿನ ಜೊತೆ ಬರುವ 'ಲಿಂಕ್ ಡಾಕ್ಯುಮೆಂಟ್' ಎಂಬ ಪುಸ್ತಕದಲ್ಲಿ ಜಿಲ್ಲೆಗಳ ಹಣ ಲೆಕ್ಕಶೀರ್ಷಿಕೆವಾರು ಮೊದಲೇ ಹಂಚಿಕೆಯಾಗಿರುತ್ತದೆ. ಸಂಬಳಕ್ಕೂ ನಿಗದಿತ ಯೋಜನೆಗಳಿಗೂ ಮೀಸಲಾದ ಈ ಹಣದಲ್ಲಿ ಅಂಗನವಾಡಿಯ ಮೊತ್ತವನ್ನು ಕೆರೆಗೋ, ಕೆರೆಯದನ್ನು ಅಂಗನವಾಡಿಗೋ ತಿರುಗಿಸುವ ಸ್ವಾತಂತ್ರ್ಯ ಪಂಚಾಯತಿಗೆ ಬಹಳ ಕಡಿಮೆ. ಕೇರಳ 1996ರ ಜನಕೀಯ ಯೋಜನೆಯಲ್ಲಿ ರಾಜ್ಯದ ಯೋಜನಾ ವೆಚ್ಚದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟು ಬೇರೆ ದಾರಿ ಹಿಡಿಯಿತು.

ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯ ಒಂದೇ ಕಾಮಗಾರಿಯಲ್ಲಿ ಕೂಡಿದ ನಿದರ್ಶನ 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿದೆ. ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೂಲಿ, ಹೆಣ್ಣು–ಗಂಡಿಗೆ ಸಮಾನ ದರ, ಕೆರೆ ಹೂಳೆತ್ತುವಂಥ ಬಾಳಿಕೆಯ ಆಸ್ತಿ, ಇವುಗಳ ಜೊತೆಗೆ, ಕೆಲಸದ ಜಾಗಕ್ಕೆ ತಾಯಂದಿರೊಂದಿಗೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕೆಂದು ಕಾಯ್ದೆ ವಿಧಿಸಿತು. ಕಾಗದದಲ್ಲಿ ಬಹುಕಾಲ ಉಳಿದ ಈ ಹೊಣೆಯನ್ನು ಕರ್ನಾಟಕ ಸರ್ಕಾರ 2023ರ ನಂತರ ಗ್ರಾಮ ಪಂಚಾಯತಿಗಳ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳ ಮೂಲಕ ಕೈಗೆತ್ತಿಕೊಂಡಿತು. ಆರೈಕೆ ಮಾಡುವವರಿಗೆ ಕೂಲಿ ಯಾವ ಖಾತೆಯಿಂದ, ಮಕ್ಕಳ ಊಟಕ್ಕೆ ಹಣ ಯಾವ ಇಲಾಖೆಯಿಂದ ಎಂಬ ಲೆಕ್ಕಾಚಾರಗಳು ಹೊಂದಿಕೆಯಾದ ಊರುಗಳಲ್ಲಷ್ಟೇ ಅವು ಸರಾಗವಾಗಿ ನಡೆಯಬಲ್ಲವು.